ಮೋಸದ ಸುದ್ದಿ ಕೇಳಿಯೂ ಹುಡುಗರು ಯಾಕೆ ಫೋನಿನಲ್ಲೇ ದುಡ್ಡು ಕೊಡುತ್ತಾರೆ?

ನಿಮ್ಮ ಮಗ ಟೀಗೂ ಫೋನಿನಲ್ಲೇ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಾನೆ, ಕ್ಯಾಶ್‌ಬ್ಯಾಕ್ ಆಸೆಗಿರಬೇಕು, ಬಿಡಿಸುವುದು ಹೇಗೆ ಅಂತ ಕೇಳಿದ್ದೀರಿ. ಕ್ಯಾಶ್‌ಬ್ಯಾಕ್ ಅಲ್ಲ ಸರ್. 8,000 ರೂಪಾಯಿ ಕಳೆದುಕೊಂಡ ಮೇಲೂ ನಾನು ಬಿಡಲಿಲ್ಲ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ನಾನು ಶಿವಮೊಗ್ಗದಲ್ಲಿ ಡಿಗ್ರಿಗೆ ಸೇರಿದಾಗ ಅಪ್ಪಯ್ಯ ದುಡ್ಡನ್ನು ಕವರಿಗೆ ಹಾಕಿ, ಅನ್ನದ ಅಗುಳಿನಲ್ಲಿ ಅಂಟಿಸಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರು. ಕ್ಲಾಸ್ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಕು. ಬಸ್ ತಪ್ಪಿತೋ, ಮೆಸ್ಸಿನಲ್ಲಿ ಸಾಲ ಹೇಳಬೇಕು. 2016ರಲ್ಲಿ ಯುಪಿಐ ಬಂತು, ನೋಟ್ ಬಂದ್ ಆಯ್ತು, ಮರುವರ್ಷದಿಂದ ಕವರ್ ನಿಂತಿತು. ಸಾಲ ಹೇಳುವ ಆ ಸಂಕೋಚ ಹೋಯಿತಲ್ಲ, ಅದಕ್ಕೆ ಬೆಲೆ ಕಟ್ಟಲಾರೆ.

2019ರಲ್ಲಿ ಶಂಕರಘಟ್ಟದಲ್ಲಿ ಎಂ.ಕಾಂ. ಓದುವಾಗ ಹಳೇ ಬೈಕ್ ಮಾರಲು ಆನ್‌ಲೈನ್‌ನಲ್ಲಿ ಹಾಕಿದ್ದೆ. ಒಬ್ಬ ಫೋನ್ ಮಾಡಿ, "ಅಡ್ವಾನ್ಸ್ ಕಳಿಸಿದೀನಿ, ಪಿನ್ ಒತ್ತಿ ತಗೊಳ್ಳಿ" ಅಂದ. ಸ್ಕ್ರೀನಿನಲ್ಲಿ 8,000 ಕಂಡಿತು, ಒತ್ತಿದೆ. ಕೆಳಗೆ 'ಪೇ' ಅಂತ ಬರೆದಿದ್ದನ್ನು ಓದಲೇ ಇಲ್ಲ. ಅವನು ಕಳಿಸಿದ್ದು ದುಡ್ಡಲ್ಲ, ದುಡ್ಡು ಕೇಳುವ ರಿಕ್ವೆಸ್ಟ್. ಯಾಕೆ ಗೊತ್ತಾ? ಎಟಿಎಂನಲ್ಲಿ ಪಿನ್ ಒತ್ತಿದರೆ ನೋಟು ಕೈಗೆ ಬರುತ್ತದೆ. ಪಿನ್ ಅಂದರೆ ದುಡ್ಡು ಬರುವುದು ಅಂತ ಬೆರಳಿಗೆ ರೂಢಿಯಾಗಿತ್ತು. ಎಟಿಎಂನಲ್ಲೂ ಪಿನ್ ಒತ್ತಿದಾಗ ಖಾತೆಯಿಂದ ದುಡ್ಡು ಹೋಗುವುದೇ, ನಮ್ಮ ಕೈಗೆ ಹೋಗುತ್ತದೆ ಅಷ್ಟೆ. ಯುಪಿಐನಲ್ಲಿ ಬೇರೆಯವರಿಂದ ಹಣ ಬರಲು ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಒತ್ತುವುದು ಬೇಡ. ದುಡ್ಡು ಬರುತ್ತೆ ಅನ್ನುವ ಕಡೆ ಪಿನ್ ಕೇಳಿತು ಅಂದರೆ ನಿಮ್ಮ ದುಡ್ಡು ಹೊರಟಿತು ಅಂತಲೇ ಅರ್ಥ. ನಾಚಿಕೆಗೆ ಎರಡು ದಿನ ಯಾರಿಗೂ ಹೇಳಲಿಲ್ಲ. ಬ್ಯಾಂಕಿನವರು, "ಪಿನ್ ನೀವೇ ಹಾಕಿದೀರಲ್ಲ" ಅಂದರು. ದುಡ್ಡು ಬರಲಿಲ್ಲ.

2025ರ ಅಕ್ಟೋಬರ್‌ನಿಂದ ವ್ಯಕ್ತಿಗಳ ನಡುವೆ ಹೀಗೆ ಹಣ ಕೇಳುವ ರಿಕ್ವೆಸ್ಟ್ ನಿಲ್ಲಿಸಿದ್ದಾರೆ. ಕ್ಯುಆರ್ ಕಳಿಸಿ "ಸ್ಕ್ಯಾನ್ ಮಾಡಿದರೆ ದುಡ್ಡು ಬರುತ್ತೆ" ಅನ್ನುವವರು ಹೋಗಿಲ್ಲ.

ಆದರೂ ಬಿಡಿಸುವುದು ಹೇಗೆ ಅಂತ ನನ್ನನ್ನು ಕೇಳಬೇಡಿ. ಬಿಡಿಸಬಾರದು. ಟೀ, ಬಸ್ಸಿನ ಖರ್ಚಿಗೆ ಯುಪಿಐ ಲೈಟ್ ಹಾಕಿಸಿ. ಅದರಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಬೇಕಿಲ್ಲ. ಆಗ ಪಿನ್ ಕೇಳಿದಾಗೆಲ್ಲ ಕೈ ತಡೆಯುತ್ತದೆ. ಮೋಸವಾದರೆ ಅದೇ ಗಳಿಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ಬೈಯುತ್ತಾರೆ ಅಂತ ನಿಮ್ಮಿಂದ ಮುಚ್ಚಿಡುವಂತಾಗಬಾರದು. ಮತ್ತೆ ಆಗುಂಬೆ ಕಡೆ ಹೊರಟರೆ ಜೇಬಿಗೆ ಒಂದು ಐನೂರರ ನೋಟು ಇಟ್ಟು ಕಳಿಸಿ. ಘಾಟಿಯಲ್ಲಿ ಸಿಗ್ನಲ್ ಇರಲ್ಲ.