ನಿಮ್ಮ ಸೆಂಚೂರಿಯನ್ ಯಾವ ಇಸವಿಯವನು?

ಪ್ರಿಯ ಲೇಖಕರೇ,

ರೋಮನ್ ಸೆಂಚೂರಿಯನ್ನನ, ಅಂದರೆ ಸೈನಿಕರ ಒಂದು ದಳದ ನಾಯಕನ, ವೇಷವನ್ನು ಇತಿಹಾಸಕ್ಕೆ ನಿಷ್ಠವಾಗಿ ಕಟ್ಟುವ ಬಗೆಗಿನ ನಿಮ್ಮ ಬರಹ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಹೊಲಿಗೆಯ ಭಾಗ ಚೆನ್ನಾಗಿದೆ, ಕೈಕೆಲಸ ಬಲ್ಲವರು ಬರೆದದ್ದೆಂದು ಓದಿದ ಕೂಡಲೇ ಗೊತ್ತಾಗುತ್ತದೆ. ಎಡವಟ್ಟಾಗಿರುವುದು ಬೇರೆ ಕಡೆ. ಎದೆಯ ಪದಕಗಳನ್ನು ಕ್ರಿ.ಶ. 9ರಲ್ಲಿ ಜರ್ಮನಿಯಲ್ಲಿ ರೋಮನ್ ಸೇನಾಪತಿ ವಾರುಸ್ ಸೋತ ಯುದ್ಧದಲ್ಲಿ ಸತ್ತ ಸೆಂಚೂರಿಯನ್ ಮಾರ್ಕಸ್ ಕೇಲಿಯಸ್‌ನ ಸ್ಮಾರಕ ಶಿಲೆಯಿಂದ ತಂದಿದ್ದೀರಿ. ಕತ್ತಿ ಪಾಂಪೇ ಮಾದರಿಯದು, ಅದು ಬಳಕೆಗೆ ಬಂದದ್ದು ಆ ಶತಮಾನದ ನಡುಭಾಗದಲ್ಲಿ. ಚರ್ಮದ ಎದೆಗವಚವಂತೂ ನೇರ ಸಿನಿಮಾದಿಂದ ಬಂದಿದೆ. ಇಂಥ ಅಧಿಕಾರಿ ಯಾವ ವರ್ಷವೂ ಬದುಕಿರಲಿಲ್ಲ.

ಒಂದೇ ಸಮಾಧಿಶಿಲೆ ಆರಿಸಿಕೊಳ್ಳಿ. ನಮ್ಮ ಸಲಹೆ ಮಾರ್ಕಸ್ ಫವೋನಿಯಸ್ ಫಾಸಿಲಿಸ್, 20ನೇ ಲೀಜನ್ನಿನ (ರೋಮನ್ ಸೇನೆಯ ದೊಡ್ಡ ಪಡೆ) ಸೆಂಚೂರಿಯನ್. 1868ರಲ್ಲಿ ಇಂಗ್ಲೆಂಡಿನ ಕಾಲ್ಚೆಸ್ಟರ್‌ನಲ್ಲಿ ಸಿಕ್ಕ ಈ ಕಲ್ಲು ರೋಮನ್ನರ ಕ್ರಿ.ಶ. 43ರ ಬ್ರಿಟನ್ ದಂಡಯಾತ್ರೆಯ ನಂತರದ್ದು. ಬಲಗೈಯಲ್ಲಿ ದ್ರಾಕ್ಷಿ ಬಳ್ಳಿಯ ಕೋಲು, ಎಡಕ್ಕೆ ಕತ್ತಿ, ಬಲಕ್ಕೆ ಬಾಕು, ಮೊಣಕಾಲ ಕೆಳಗೆ ಲೋಹದ ಕಾಲ್ಗಾಪು, ಎಡ ಹೆಗಲಿನಿಂದ ಇಳಿಬಿದ್ದ ಮೇಲುಹೊದಿಕೆ. ಪದಕ ಒಂದೂ ಇಲ್ಲ, ಹಾಗಾಗಿ ನಿಮ್ಮ ಒಂಬತ್ತನ್ನೂ ತೆಗೆಯಿರಿ. ಮುಂಗೈಗೆ ಸುತ್ತಿದ ಚರ್ಮದ ಪಟ್ಟಿಯೂ ಹೋಗಲಿ. ಕತ್ತಿ ಮೈನ್ಸ್ ಮಾದರಿಯದಿರಲಿ, ಅಗಲ ಅಲಗು, ಉದ್ದ ಮೊನೆ. ಸಾಮಾನ್ಯ ಸೈನಿಕನ ಕತ್ತಿ ಬಲಕ್ಕೆ, ಸೆಂಚೂರಿಯನ್ನನದು ಎಡಕ್ಕೆ. ನಿಮ್ಮ ಎರಡನೇ ಚಿತ್ರದಲ್ಲಿ ಇದು ತಿರುವುಮುರುವಾಗಿದೆ.

ಚರ್ಮದ ಕವಚಕ್ಕೆ ನೀವು ಕೊಟ್ಟ ಆಧಾರ ಫಾಸಿಲಿಸ್‌ನ ನುಣುಪಾದ ಎದೆ. ಆದರೆ ಈ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು, ಉಳಿ ಕೆತ್ತದ ಉಂಗುರಗಳನ್ನು ಕುಂಚ ಬರೆದಿರಬಹುದು. ಆದ್ದರಿಂದ ಕಬ್ಬಿಣದ ಉಂಗುರಗಳ ಕವಚವೇ ಸುರಕ್ಷಿತ ಆಯ್ಕೆ. ಒಳವ್ಯಾಸ ಸುಮಾರು 6 ಮಿ.ಮೀ., ಪ್ರತಿ ಉಂಗುರ ನಾಲ್ಕರೊಡನೆ ಹೆಣೆದಿರಬೇಕು, ಒಂದು ಸಾಲು ಇಡಿ ಉಂಗುರ, ಮುಂದಿನ ಸಾಲು ರಿವೆಟ್ ಹೊಡೆದದ್ದು. ನೀವು ಹೇಳುವಂತೆ ತಂತಿಯ ತುದಿಗಳನ್ನು ಬರೀ ಕೂಡಿಸಿ ಬಿಟ್ಟರೆ ಕಂಕುಳ ಹತ್ತಿರ ಮೊದಲು ಬಾಯಿ ಬಿಡುತ್ತವೆ. ಅದನ್ನು ತಡೆಯಲು ದಪ್ಪ ತಂತಿ ಹಾಕಿದರೆ ತೂಕ ಏರುತ್ತದೆ. 9–10 ಕಿಲೋ ಪೂರ್ತಿ ಹೆಗಲಿಗೇ ಬೀಳದಂತೆ ಸೊಂಟದ ಪಟ್ಟಿ ಬಿಗಿದು, ಅದರ ಮೇಲೆ ಕವಚವನ್ನು ನಾಲ್ಕು ಬೆರಳಿನಷ್ಟು ಮೇಲೆಳೆದು ಸಡಿಲ ಬಿಡಬೇಕು. ಇದನ್ನು ನೀವು ಹೇಳಿಯೇ ಇಲ್ಲ.

ಫಾಸಿಲಿಸ್ ಬರಿದಲೆಯಲ್ಲಿ ನಿಂತಿದ್ದಾನೆ. ಶಿರಸ್ತ್ರಾಣ ಬೇಕೆಂದರೆ ಈಗಿನ ಆಸ್ಟ್ರಿಯಾದಲ್ಲಿರುವ ಕಾರ್ನುಂಟಮ್‌ನ ಸೆಂಚೂರಿಯನ್ ಟೈಟಸ್ ಕಲಿಡಿಯಸ್ ಸೆವೆರಸ್‌ನ ಕಲ್ಲು ನೋಡಿ, ಅದರಲ್ಲಿ ಕಿವಿಯಿಂದ ಕಿವಿಗೆ ಅಡ್ಡಲಾಗಿ ನಿಂತ ತುರಾಯಿ ಸ್ಪಷ್ಟವಾಗಿದೆ. ಎರವಲು ತಂದದ್ದೆಂದು ಬರಹದಲ್ಲೇ ತಿಳಿಸಿ. ಮರದ ಪಟ್ಟಿಯನ್ನು ಶಿರಸ್ತ್ರಾಣದ ಬಾಗಿಗೆ ಕೊರೆದು, 5 ಮಿ.ಮೀ. ತೂತುಗಳನ್ನು ಎರಡು ಸಾಲು ಮಾಡಿ, ಕುದುರೆ ಕೂದಲಿನ ಕುಚ್ಚುಗಳನ್ನು ಬುಡದಲ್ಲಿ ದಾರ ಸುತ್ತಿ ಕೂರಿಸಿ. ಅಂಟು ಹೆಚ್ಚಾದರೆ ಕೂದಲಲ್ಲಿ ಮೇಲೇರಿ, ತುರಾಯಿ ಹಳೇ ಪೊರಕೆಯಂತೆ ಸೆಟೆದು ನಿಲ್ಲುತ್ತದೆ. ನೆತ್ತಿಯ ಒಂದೇ ಕೊಂಡಿಗೆ ಸಿಕ್ಕಿಸಿದರೆ ನಾಲ್ಕು ಹೆಜ್ಜೆಗೆ ಓರೆಯಾಗುತ್ತದೆ, ಎರಡು ಪಕ್ಕಕ್ಕೂ ಕೊಕ್ಕೆ ಬೇಕು.

ಕೋಲಿಗೆ ಬೆತ್ತ ಸಾಕು ಎಂದಿದ್ದೀರಿ, ಸಾಲದು. ಅಧಿಕಾರದ ಗುರುತೇ ಅದು. ಸೈನಿಕರ ಬೆನ್ನ ಮೇಲೆ ಕೋಲು ಮುರಿದಾಗಲೆಲ್ಲ ಇನ್ನೊಂದು ತಾ ಎಂದು ಕೂಗುತ್ತಿದ್ದ ಲುಸಿಲಿಯಸ್ ಎಂಬ ಸೆಂಚೂರಿಯನ್ನನನ್ನು ಕ್ರಿ.ಶ. 14ರ ದಂಗೆಯಲ್ಲಿ ಅವರೇ ಕೊಂದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ವಿಜಯಪುರದ ಕಡೆ ಹಳೆಯ ದ್ರಾಕ್ಷಿ ತೋಟ ಕೀಳುವಾಗ ಕೇಳಿದರೆ ಹೆಬ್ಬೆರಳು ದಪ್ಪದ, ಗಂಟುಗಂಟಾದ ತುಂಡು ಸಿಕ್ಕೀತು. ವರ್ಷಾವರ್ಷ ಸವರುವ ಎಳೆಯ ಕಡ್ಡಿ ತೀರ ಸಪೂರ. ನಾರುನಾರಾಗಿ ಏಳುವ ತೊಗಟೆ ಸುಲಿದು, ಹಲಗೆಗೆ ಕಟ್ಟಿ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಉದ್ದಕ್ಕೂ ಸೀಳುತ್ತದೆ.

ಪಾದರಕ್ಷೆಯ ಅಟ್ಟೆಗೆ ಹೊಡೆಯುವ ಮೊಳೆಗಳ ಬಗ್ಗೆ ಒಂದು ಎಚ್ಚರಿಕೆ ಸೇರಿಸಿ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯದ ಹಾಸುಗಲ್ಲಿನ ಮೇಲೆ ಜೂಲಿಯಾನಸ್ ಎಂಬ ಸೆಂಚೂರಿಯನ್ ಇಂಥ ಮೊಳೆಗಳಿಂದಲೇ ಜಾರಿಬಿದ್ದು ಹತನಾದ, ಆ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಗ್ರಾನೈಟ್ ಹಾಸಿದ ಸಭಾಂಗಣದಲ್ಲಿ ನಿಮ್ಮ ಓದುಗರಿಗೂ ಅದೇ ಗತಿ.

ಆರಂಭದಲ್ಲಿರುವ, ಚಿತ್ರದುರ್ಗದ ಚಂದ್ರವಳ್ಳಿಯ ಪ್ಯಾರಾ ಬೇಡ. ಅಲ್ಲಿ ರೋಮನ್ ನಾಣ್ಯ ಸಿಕ್ಕಿದ್ದು ನಿಜ, ಆದರೆ ನಾಣ್ಯ ತಂದದ್ದು ವ್ಯಾಪಾರ, ಸೈನ್ಯವಲ್ಲ.

ತಿದ್ದಿದ ಪ್ರತಿಯನ್ನು 1,200 ಪದಗಳೊಳಗೆ ಕಳಿಸಿ. ಯಾವ ವಸ್ತು ಯಾವ ಕಲ್ಲಿನಿಂದ ಬಂತು, ಯಾವುದು ನಿಮ್ಮ ಊಹೆ ಎಂಬುದನ್ನು ಪ್ರತಿ ಚಿತ್ರದ ಕೆಳಗೂ ಬರೆಯಿರಿ.

— ಸಂಪಾದಕ