ಗಂಡನಿಂದ ಹಿಂಸೆ ಅನುಭವಿಸುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ? ಪರಿಣಾಮ ಏನು?

ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ. 44 ಮಂದಿ ಇದನ್ನು ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29. ನಾಚಿಕೆಪಡಬೇಕಾದ ಸಂಗತಿ ಅಲ್ವಾ?

ಬಾಸುಂಡೆ ವಾರದಲ್ಲಿ ಮಾಯುತ್ತದೆ. ಆದರೆ ನಿದ್ದೆ ಬಾರದಿರುವುದು, ಖಿನ್ನತೆ, ಸಾಯುವ ಯೋಚನೆ ವರ್ಷಗಟ್ಟಲೆ ಕಾಡುತ್ತವೆ. ಬಸಿರಿನಲ್ಲಿ ಒದೆ ಬಿದ್ದರೆ ಗರ್ಭಪಾತವೂ ಆಗಬಹುದು. ಅಪ್ಪನ ಬೈಕ್ ಸದ್ದಿಗೆ ಮಕ್ಕಳು ಆಟ ಬಿಟ್ಟು ಮೂಲೆ ಸೇರುತ್ತಾರೆ. ತವರಿನವರೋ, ‘ಹೊಂದಿಕೊಂಡು ಹೋಗಮ್ಮ’ ಅಂತಾರೆ. ಹೀಗಾಗಿಯೇ ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ವಾಸಿಸುವ ಹಕ್ಕಿದೆ. ಮನೆ ಅವಳ ಹೆಸರಲ್ಲಿ ಇರಬೇಕಿಲ್ಲ. ಸಹಾಯಕ್ಕೆ 181, ತುರ್ತಿದ್ದರೆ 112ಕ್ಕೆ ಕರೆ ಮಾಡಿ.