ನಮ್ಮ ಶಾಸಕರು ಎಷ್ಟು ಕಾಯ್ದೆ ತಂದರು?

ಪ್ರಶ್ನೆ: ನಮ್ಮ ಶಾಸಕರು ಮೂರು ಸಲ ಗೆದ್ದವರು. ಅವರ ಕಡೆಯವರು ಮೊನ್ನೆ ಹಂಚಿದ ಕರಪತ್ರದಲ್ಲಿ ‘ಹದಿನೈದು ವರ್ಷಗಳಲ್ಲಿ ನೂರಾರು ಕಾಯ್ದೆ ತಂದ ನಾಯಕ’ ಎಂದು ಅಚ್ಚಾಗಿದೆ. ನಾನು ನಿವೃತ್ತ ಮೇಷ್ಟ್ರು. ಒಬ್ಬರೇ ಇಷ್ಟೊಂದು ಕಾಯ್ದೆ ತರಲು ಆಗುತ್ತದೆಯೇ? ಶಾಸಕರೊಬ್ಬರು ಕಾನೂನು ಮಾಡುವ ಕೆಲಸದಲ್ಲಿ ಏನು ಮಾಡಿದರೆಂದು ನನ್ನಂಥವನು ಎಲ್ಲಿ ಹುಡುಕಬೇಕು?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಮೇಷ್ಟ್ರೇ, ಆ ಲೆಕ್ಕ ಹೇಗೆ ಹುಟ್ಟಿರಬಹುದೆಂದು ಊಹಿಸಬಲ್ಲೆ. ಅವರು ಸದಸ್ಯರಾಗಿದ್ದಷ್ಟು ಕಾಲ ಸದನ ಅಂಗೀಕರಿಸಿದ ಕಾಯ್ದೆಗಳನ್ನೆಲ್ಲ ಕೂಡಿಸಿ ಅವರ ಹೆಸರಿಗೆ ಬರೆದಿರಬೇಕು. ಹಾಗೆ ಲೆಕ್ಕ ಹಾಕಿದರೆ ಅವರ ಪಕ್ಕದಲ್ಲಿ ಅಷ್ಟೂ ವರ್ಷ ಬಾಯಿ ಬಿಡದೆ ಕೂತವರಿಗೂ ಅಷ್ಟೇ ಕಾಯ್ದೆಗಳು ದಕ್ಕಬೇಕಾಗುತ್ತದೆ.

ನಮ್ಮಲ್ಲಿ ವಿಧೇಯಕ, ಅಂದರೆ ಕಾಯ್ದೆಯ ಕರಡು, ತರುವುದು ಬಹುಪಾಲು ಸರ್ಕಾರವೇ. ಇಲಾಖೆಯಲ್ಲಿ ಹುಟ್ಟಿ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯಲ್ಲಿ ಭಾಷೆ ತಿದ್ದಿಸಿಕೊಂಡು, ಸಂಪುಟದ ಒಪ್ಪಿಗೆ ಪಡೆದು ಅದು ಸದನಕ್ಕೆ ಬರುತ್ತದೆ. ವಿಧೇಯಕದ ಕೊನೆಗೆ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ, ಅದರ ಕೆಳಗೆ ಸಂಬಂಧಪಟ್ಟ ಮಂತ್ರಿಯ ಹೆಸರು. ಮಂತ್ರಿಯಲ್ಲದ ಸದಸ್ಯರ ಹೆಸರು ಅಲ್ಲಿ ಇರಬೇಕಾದರೆ ಅದು ಖಾಸಗಿ ವಿಧೇಯಕವಾಗಿರಬೇಕು. ಅಂಥವು ಕಾಯ್ದೆಯಾಗುವುದು ತೀರ ಅಪರೂಪ. ಸಂಸತ್ತಿನಲ್ಲೇ ಇದುವರೆಗೆ 14 ಮಾತ್ರ ಆ ಗಡಿ ದಾಟಿವೆ, ಕೊನೆಯದು 1970ರಲ್ಲಿ.

ಹಾಗಾದರೆ ಮಂತ್ರಿಯಾಗದ ಶಾಸಕರ ಕೆಲಸ ಕಾಣುವುದೆಲ್ಲಿ? ನಾನು ವಿಧಾನಸಭೆಯಲ್ಲಿ ವರದಿಗಾರಿಕೆ ಮಾಡಿದವನು. ಪತ್ರಿಕೆಯ ವರದಿಗಾರನಲ್ಲ, ಸದನದ ನಡುವಿನ ಮೇಜಿನಲ್ಲಿ ಕೂತು ಪ್ರತಿ ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ. ಕೆಲವು ನಿಮಿಷ ಬರೆದು, ಮುಂದಿನವರಿಗೆ ಜಾಗ ಬಿಟ್ಟು, ಒಳಗೆ ಹೋಗಿ ಬರೆದದ್ದನ್ನು ಬಿಡಿಸಿ ಟೈಪ್ ಮಾಡಿಸುವುದು. ಹೀಗೆ ವರ್ಷಗಟ್ಟಲೆ ಕೇಳಿದವನಿಗೆ ಒಂದು ವಿಷಯ ಗೊತ್ತಾಗಿಬಿಡುತ್ತದೆ: ಕಾನೂನು ನಿಜವಾಗಿ ರೂಪುಗೊಳ್ಳುವುದು ಖಂಡವಾರು ಘಟ್ಟದಲ್ಲಿ, ಅಂದರೆ ವಿಧೇಯಕದ ಒಂದೊಂದೇ ಭಾಗವನ್ನು (ಖಂಡ) ಮತಕ್ಕೆ ಹಾಕುವಾಗ. ಆ ಹೊತ್ತಿಗೆ ಸದನ ಅರ್ಧ ಖಾಲಿಯಾಗಿರುತ್ತದೆ.

ವಿಧೇಯಕ ಮಂಡನೆಯಾದ ದಿನ ಪತ್ರಕರ್ತರ ಗ್ಯಾಲರಿ ತುಂಬಿರುತ್ತಿತ್ತು. ಪರ್ಯಾಲೋಚನೆಯ, ಅಂದರೆ ಇಡೀ ವಿಧೇಯಕದ ಮೇಲಿನ ಚರ್ಚೆಯ ದಿನ ದೊಡ್ಡ ನಾಯಕರು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅದೆಲ್ಲ ಮುಗಿದ ಮೇಲೆ ಸ್ಪೀಕರ್ ಒಂದೇ ಉಸಿರಿಗೆ ‘ಖಂಡ 2ರಿಂದ 11’ ಎಂದು ಮತಕ್ಕೆ ಹಾಕುವರು. ‘ಹೌದು’ ಎನ್ನುವವರು, ‘ಇಲ್ಲ’ ಎನ್ನುವವರು, ಅಂಗೀಕಾರ. ಅಂಥದೇ ಒಂದು ಸಂಜೆ ಹಿಂದಿನ ಸಾಲಿನ ಸದಸ್ಯರೊಬ್ಬರು ಎದ್ದು ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೈಯಲ್ಲಿದ್ದ ವಿಧೇಯಕದ ಅಂಚಿನ ತುಂಬ ಪೆನ್ಸಿಲ್ ಗುರುತು. ಅರ್ಜಿ ತಿರಸ್ಕರಿಸಿದರೆ ಅಧಿಕಾರಿಯು ಕಾರಣವನ್ನು ಲಿಖಿತವಾಗಿ ‘ತಿಳಿಸಬಹುದು’ ಎಂದು ಒಂದು ಖಂಡದಲ್ಲಿತ್ತು. “ಇದು ‘ತಿಳಿಸತಕ್ಕದ್ದು’ ಎಂದಾಗಬೇಕು ಸ್ವಾಮಿ. ‘ಬಹುದು’ ಅಂತ ಬಿಟ್ಟರೆ ಯಾರೂ ತಿಳಿಸೋದಿಲ್ಲ. ರೈತ ಯಾಕೆ ಆಗಲಿಲ್ಲ ಅಂತ ಕೇಳೋದಕ್ಕೇ ಮೂರು ಸಲ ತಾಲ್ಲೂಕು ಕಚೇರಿಗೆ ಅಲೀತಾನೆ” ಎಂದರು. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿಯತ್ತ ತಿರುಗಿದರು. ಅಲ್ಲಿಂದ ಒಂದು ಚೀಟಿ ಬಂತು. ಓದಿ, “ಒಪ್ಪುತ್ತೇನೆ” ಎಂದರು.

ನನ್ನ ಪುಸ್ತಕದಲ್ಲಿ ಅದು ನಾಲ್ಕೇ ಸಾಲು. ಮರುದಿನದ ಪತ್ರಿಕೆಗಳಲ್ಲಿ ಒಂದಕ್ಷರ ಬರಲಿಲ್ಲ. ಆದರೆ ‘ಬಹುದು’ ಹೋಗಿ ‘ತಕ್ಕದ್ದು’ ಬಂದ ಕೂಡಲೇ, ಕಾರಣ ಹೇಳದೆ ಅರ್ಜಿ ವಾಪಸು ಕಳಿಸುವ ಅಧಿಕಾರಿ ಕಾನೂನು ಮೀರಿದಂತಾಯಿತು. ಒಬ್ಬ ಶಾಸಕರು ಕಾನೂನು ಮಾಡಿದರು ಎಂದು ನಾನು ಎದೆ ತಟ್ಟಿ ಹೇಳುವುದು ಇಂಥದ್ದಕ್ಕೆ.

ನೀವು ಶಿವಮೊಗ್ಗದವರು, ಹಾಗಾಗಿ ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದರು, 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಬಂದರು. ಮೂರೂ ಅವಧಿ ವಿರೋಧ ಪಕ್ಷದ ಬೆಂಚು, ಒಂದು ದಿನವೂ ಮಂತ್ರಿಯಲ್ಲ. ಕರಪತ್ರದ ಲೆಕ್ಕದಲ್ಲಿ ನೋಡಿದರೆ ಅವರು ತಂದ ಕಾಯ್ದೆ ಸೊನ್ನೆ. ಆದರೆ ಅವರು ಸದನಕ್ಕೆ ಬಂದದ್ದು 1951ರ ಕಾಗೋಡು ಸತ್ಯಾಗ್ರಹದ ಬೆನ್ನಲ್ಲೇ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಎಂಬುದರಿಂದ ಹೊತ್ತಿಕೊಂಡ ಹೋರಾಟ ಅದು. ಆ ಗದ್ದೆಯ ಮಾತನ್ನು ಅವರು ಸದನದೊಳಗೆ ತಂದರು, ಉಳುವವನೇ ಹೊಲದೊಡೆಯನಾಗಬೇಕು ಎನ್ನುವುದನ್ನು ಕೊನೆಯವರೆಗೂ ಬಿಡಲಿಲ್ಲ. 1961ರ ಭೂಸುಧಾರಣಾ ಕಾಯ್ದೆ ಬಂದಾಗ ಒಡೆಯರು ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನು ಬಿಡಿಸಿಕೊಳ್ಳಲು ದಾರಿ ಉಳಿದಿತ್ತು. ಗೇಣಿ ಜಮೀನೆಲ್ಲ ಸರ್ಕಾರದ ಒಡೆತನಕ್ಕೆ ಸೇರಿ, ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಗೇಣಿದಾರ ರೈತರು ನಮೂನೆ 7ರಲ್ಲಿ ಅರ್ಜಿ ಹಾಕುವಂತಾದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಿಂದ. ಗೌಡರು ಅದನ್ನು ನೋಡಲಿಲ್ಲ, 1972ರ ಜೂನ್ 9ರಂದು ತೀರಿಕೊಂಡಿದ್ದರು. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನಮೂನೆ 7ರಿಂದ ಬಂದ ಗದ್ದೆ ಇರಬಹುದು. ಅದರ ಹಿಂದೆ ಇರುವ ಶಾಸಕರ ಹೆಸರುಗಳನ್ನು ಬರೀ ಅಂಗೀಕಾರವಾದ ಕಾಯ್ದೆಗಳ ಪಟ್ಟಿ ಹೇಳುವುದಿಲ್ಲ. ಅವನ್ನು ಹೇಳುವುದು ನಡವಳಿ, ಅಂದರೆ ಸದನದಲ್ಲಿ ಆಡಿದ ಮಾತುಗಳ ಅಧಿಕೃತ ದಾಖಲೆ.

ಆದ್ದರಿಂದ ಮೇಷ್ಟ್ರೇ, ನಿಮ್ಮ ಶಾಸಕರ ವಿಷಯದಲ್ಲೂ ನಡವಳಿಯನ್ನೇ ತೆಗೆಯಿರಿ. ಒಂದು ಅಧಿವೇಶನ ನೋಡಿ ತೀರ್ಪು ಕೊಡಬೇಡಿ, ನಾಲ್ಕಾರು ಅಧಿವೇಶನ ಸಾಲಾಗಿ ಓದಿ. ಹೊಸಬರು ಮೊದಲ ಅಧಿವೇಶನದಲ್ಲಿ ತಮ್ಮೂರಿನ ರಸ್ತೆ, ಬೋರ್‌ವೆಲ್, ಬಸ್ಸು ಕೇಳುವುದು ಸಹಜ, ತಪ್ಪೇನಿಲ್ಲ. ಮೂರನೇ ವರ್ಷದಲ್ಲೂ ಅದೇ ಪ್ರಶ್ನೆಯನ್ನು ಹಳ್ಳಿಯ ಹೆಸರು ಬದಲಿಸಿ ಕೇಳುತ್ತಿದ್ದರೆ ಅವರು ಬೆಳೆದಿಲ್ಲ. ಬೆಳೆದವರು ಬೇರೆ ಥರ ಕೇಳುತ್ತಾರೆ: ‘ಕಾಯ್ದೆ ಬಂದು ಎರಡು ವರ್ಷವಾಯಿತು, ನಿಯಮಾವಳಿ ಯಾಕೆ ಬಂದಿಲ್ಲ?’, ‘ಕಳೆದ ಅಧಿವೇಶನದಲ್ಲಿ ಮಂತ್ರಿಗಳು ಕೊಟ್ಟ ಭರವಸೆ ಏನಾಯಿತು?’ ಚುಕ್ಕೆ ಗುರುತಿನ ಪ್ರಶ್ನೆಯಾದರೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಅದರ ಕೆಳಗಿನ ಉಪಪ್ರಶ್ನೆಗಳನ್ನು ಬಿಡದೆ ಓದಿ. ಮೊದಲ ಪ್ರಶ್ನೆಯನ್ನು ಯಾರು ಬೇಕಾದರೂ ಬರೆದುಕೊಟ್ಟಿರಬಹುದು. ಉಪಪ್ರಶ್ನೆ ಮಾತ್ರ ಅವರ ತಲೆಯಿಂದಲೇ ಬರಬೇಕು.

ಸಮಿತಿಗಳನ್ನೂ ಮರೆಯಬೇಡಿ. ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ (ಎರಡೂ ಸದನಗಳ ಸದಸ್ಯರಿದ್ದ ಸಮಿತಿ) ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿಯ ಒತ್ತುವರಿ ಕುರಿತು 2007ರಲ್ಲಿ ಕೊಟ್ಟ ವರದಿಗಳನ್ನು ಇವತ್ತಿಗೂ ಜನ ಉಲ್ಲೇಖಿಸುತ್ತಾರೆ. ಮುಂದೆ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಬಂತು, ವಿಶೇಷ ನ್ಯಾಯಾಲಯವೂ ಬಂತು. ಸಮಿತಿಯ ಕೆಲಸಕ್ಕೆ ಟಿವಿ ಕ್ಯಾಮೆರಾ ಇರುವುದಿಲ್ಲ. ಕಡತ ಓದುವ ತಾಳ್ಮೆ ಇದ್ದವರು ಮಾತ್ರ ಅಲ್ಲಿ ಉಳಿಯುತ್ತಾರೆ.

ಬೇಕಾದ ಮಾಹಿತಿ ಸಿಗದಿದ್ದರೆ ವಿಧಾನಸಭೆಯ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ‘ಇಂಥ ಸದಸ್ಯರು ಇಂಥ ಅಧಿವೇಶನಗಳಲ್ಲಿ ಸೂಚಿಸಿದ ತಿದ್ದುಪಡಿಗಳ ಪ್ರತಿ’ ಎಂದು ಸ್ಪಷ್ಟವಾಗಿ ಬರೆಯಿರಿ. ‘ಸಾಧನೆಗಳ ವಿವರ’ ಎಂದು ಬರೆದರೆ ಉತ್ತರ ಸಿಗುವುದಿಲ್ಲ.

ಪ್ರಶ್ನೆ: ಯಾವ ವಿಧೇಯಕಕ್ಕೆ ನಮ್ಮ ಶಾಸಕರು ಪರವಾಗಿ ಮತ ಹಾಕಿದರು, ಯಾವುದಕ್ಕೆ ವಿರೋಧವಾಗಿ ಎಂದು ತಿಳಿಯಲು ಸಾಧ್ಯವೇ?
— ಓದುಗರು, ಹಾವೇರಿ

ಉತ್ತರ: ಬಹುಪಾಲು ಸಾಧ್ಯವಿಲ್ಲ, ಇದು ನನಗೆ ತುಂಬ ಬೇಸರದ ಸಂಗತಿ. ಹೆಚ್ಚಿನ ವಿಧೇಯಕಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ‘ಹೌದು’ ಎಂದ ದನಿ ಯಾರದ್ದೆಂದು ನಾವು ಬರೆದುಕೊಳ್ಳುವುದಿಲ್ಲ. ಸದಸ್ಯರು ಮತ ವಿಭಜನೆ ಕೇಳಿದರೆ ಮಾತ್ರ ಯಾರು ಯಾವ ಕಡೆ ಎಂಬುದು ದಾಖಲಾಗುತ್ತದೆ. ಅಲ್ಲೂ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಇದೆ: ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಮತ ನೋಡಿ ಮನಸ್ಸು ತಿಳಿಯುವುದು ಕಷ್ಟ, ಮಾತು ನೋಡಿ ತಿಳಿಯಬೇಕು. ಆಡಳಿತ ಪಕ್ಷದಲ್ಲೇ ಕೂತು ‘ವಿಧೇಯಕವನ್ನು ಬೆಂಬಲಿಸುತ್ತೇನೆ, ಆದರೆ 6ನೇ ಖಂಡ ಸರಿಯಿಲ್ಲ’ ಎಂದವರನ್ನು ನಾನು ಕೆಲವೇ ಸಲ ಬರೆದುಕೊಂಡಿದ್ದೇನೆ. ಅವರ ಬಗ್ಗೆ ನನಗೆ ಇಂದಿಗೂ ಗೌರವ.

ಗದ್ದಲದ ನಡುವೆ ಪಾಸಾದ ವಿಧೇಯಕಗಳನ್ನು ಬರೆಯುವಾಗ ಮಾತ್ರ ಕೈ ಭಾರವಾಗುತ್ತಿತ್ತು. ಸ್ಪೀಕರ್ ಪೀಠದ ಮುಂದಿನ ‘ಬಾವಿ’ಯ ಹತ್ತಿರ ಘೋಷಣೆ, ಪೀಠದಿಂದ ಖಂಡಗಳ ಸಂಖ್ಯೆ. ಪುಟದ ತುಂಬ ‘ಗೊಂದಲ’, ‘ಗೊಂದಲ’ ಎಂದೇ ಬರೆಯಬೇಕು, ಕೊನೆಗೆ ‘ಅಂಗೀಕರಿಸಲಾಯಿತು’. ಆ ಕಾಯ್ದೆ ಮುಂದೆ ಕೋರ್ಟಿನಲ್ಲಿ ನಿಂತಾಗ ಯಾವ ಪದಕ್ಕೆ ಸದನ ಏನು ಅರ್ಥ ಇಟ್ಟಿತ್ತು ಎಂದು ಹುಡುಕುವವರಿಗೆ ಆ ಪುಟದಲ್ಲಿ ಏನೂ ಸಿಗುವುದಿಲ್ಲ.

ಪ್ರಶ್ನೆ: ವರ್ಷಕ್ಕೆ ಇಷ್ಟು ದಿನ ಅಧಿವೇಶನ ನಡೆಸಲೇಬೇಕು ಎಂಬ ಕಾನೂನು ಇದೆಯೇ?
— ಓದುಗರು, ಮಂಡ್ಯ

ಉತ್ತರ: ಇದೆ. ಸಂವಿಧಾನದ 174ನೇ ವಿಧಿ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ ಹೇಳುತ್ತದೆ. ಆದರೆ ನಮ್ಮ ರಾಜ್ಯವೇ 2005ರಲ್ಲಿ ಕಾಯ್ದೆ ಮಾಡಿ, ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಎಂದಿತು. 60 ದಿನ ತುಂಬದ ವರ್ಷಗಳೇ ಹೆಚ್ಚು. ನಿಮ್ಮ ಶಾಸಕರು ಸಿಕ್ಕಾಗ ಇದನ್ನೇ ಕೇಳಿ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಹಳೆಯ ನಡವಳಿ ಓದಬೇಕೆಂಬ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಧಾರವಾಡ

ಉತ್ತರ: ಭೂಸುಧಾರಣೆಯಿಂದಲೇ ಶುರು ಮಾಡಮ್ಮ. 1961ರ ಕಾಯ್ದೆಯ ಮೂಲ ಪ್ರತಿಯನ್ನೂ 1974ರ ತಿದ್ದುಪಡಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, 44ನೇ ಪ್ರಕರಣವನ್ನು (ಸೆಕ್ಷನ್) ಎರಡರಲ್ಲೂ ಓದು. ಏನು ಬದಲಾಯಿತೆಂದು ಒಂದು ಹಾಳೆಯಲ್ಲಿ ಬರೆದುಕೋ. ಆಮೇಲೆ ಎರಡೂ ವಿಧೇಯಕಗಳ ಚರ್ಚೆಯ ಸಂಪುಟ ತೆಗೆದು, ಆ ಖಂಡ ಬಂದಾಗ ಯಾರು ಎದ್ದು ನಿಂತರು ಎಂದು ನೋಡು.